ಗಂಟು ಹಾಕಿ ಕಲಿತ ಪಾಠ

ರಾಮಾತಾಳನ್ನು ನಾನು ಮೊದಲು ಕಂಡದ್ದು ಒಂದು ಬುಧವಾರ, ಮಧ್ಯಾಹ್ನ ಮೂರು ಗಂಟೆಗೆ. ತಮಿಳು ಸೀಮೆಯ ಪೆರಿಯನಾಯಕನಪಾಳ್ಯಂನ ನಮ್ಮ ಕ್ರೈಸ್ತ ದೇವಾಲಯದ ಜಗಲಿ ಗುಡಿಸುತ್ತಿದ್ದೆ. ಗೇಟಿನ ಹೊರಗೆ ಚಪ್ಪಲಿ ಬಿಟ್ಟು, ಒಳಗೆ ಬಾರದೆ ಒಬ್ಬ ಹೆಂಗಸು ನಿಂತಿದ್ದಳು. ಐವತ್ತೈದು ಇರಬಹುದು. ತಲೆಗೂದಲಿಗೆಲ್ಲ ಹತ್ತಿಯ ಧೂಳು ಅಂಟಿತ್ತು.

ಮೆಟ್ಟಿಲ ಮೇಲೆ ಮಲಗಿದ್ದ ನಾಯಿಯನ್ನು ನಾನು ಕನ್ನಡದಲ್ಲಿ ಬೈದೆ. ಅವಳ ಮುಖ ಅರಳಿತು.

"ಅಯ್ಯೋ, ನೀನೂ ನಮ್ಮ ಮಾತಿನೋಳಾ! ಅಕ್ಕಾ, ಇಲ್ಲಿ ಮುದುಕೀರ್‌ಗೂ ಪಾಠ ಹೇಳ್ತಾರಂತೆ, ನಿಜವಾ?"

ನಿಜವೇ. ಬುಧವಾರ ನಾಲ್ಕು ಗಂಟೆಗೆ ದೊಡ್ಡವರ ವೇದಪಾಠ, ಅಂದರೆ ಬೈಬಲ್ ಪಾಠ, ನಡೆಯುತ್ತಿತ್ತು. ಸಭೆಯ ಸೆಕ್ರೆಟರಿ ದಿವಾಕರ್ ಸಾರ್ ನಡೆಸುತ್ತಿದ್ದರು. ಅವರು ಮಿಲ್ಲಿನ ಆಫೀಸಿನಲ್ಲಿ ಹಾಜರಿ ಬರೆದು ನಿವೃತ್ತರಾದವರು. ನಾನು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳು, ಮೂರನೆಯ ತರಗತಿಯ ಓದು. ನನ್ನ ಗಂಡ ಈ ದೇವಾಲಯದ ಗಂಟೆ ಹೊಡೆಯುತ್ತಿದ್ದ. ಅವನು ಹೋದ ಮೇಲೆ ಗುಡಿಸುವ ಕೆಲಸವೂ ಹಿಂದುಗಡೆಯ ಒಂದು ಕೋಣೆಯೂ ನನಗೆ ಉಳಿದವು.

ರಾಮಾತಾಳ್ ತಿರುಪ್ಪೂರಿನ ಕಡೆಯ ಕನ್ನಡ ಮಾತಿನ ನೇಕಾರರ ಮನೆಯವಳು. ಶಾಲೆಯ ಮುಖ ಕಂಡವಳಲ್ಲ. ಗಂಡ ಸತ್ತ ಮೇಲೆ ಮೈದುನರು ಮಗ್ಗ ಹಂಚಿಕೊಂಡರು, ಅತ್ತಿಗೆಯನ್ನು ಹಂಚಿಕೊಳ್ಳಲು ಯಾರೂ ಇರಲಿಲ್ಲ. ಇಲ್ಲಿಗೆ ಬಂದು, ಬಣ್ಣದ ನೂಲನ್ನು ಕೋನಿಗೆ ಸುತ್ತುವ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತಳು. ಒಂದು ವರ್ಷ ಪಾಠ ಕೇಳಿ ದೀಕ್ಷಾಸ್ನಾನ ತೆಗೆದುಕೊಂಡಳು. ಆಗ ಅವಳಿಗಿಟ್ಟ ಹೆಸರು ರಾಗೇಲ್. ಆ ಹೆಸರಿನಿಂದ ಅವಳನ್ನು ಯಾರೂ ಕರೆಯಲಿಲ್ಲ, ನಾನೂ ಕರೆಯಲಿಲ್ಲ.

ನಮ್ಮದು ಇಂಗ್ಲಿಷಿನವರ ಕಾಲದ ಸಭೆ. ಸ್ನಾನವಾದರೆ ಸಾಲದು, ಬಿಷಪ್ ಬಂದು ತಲೆಯ ಮೇಲೆ ಕೈಯಿಟ್ಟು ದೃಢೀಕರಿಸಬೇಕು. ಆಮೇಲೆಯೇ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ. ತಿಂಗಳ ಮೊದಲ ಭಾನುವಾರ ಎಲ್ಲರೂ ಎದ್ದು ಮುಂದೆ ಹೋಗಿ ಮೊಣಕಾಲೂರುವಾಗ ಅವಳೊಬ್ಬಳು ಹಿಂದಿನ ಚಾಪೆಯಲ್ಲಿ ಕೂತಿರುತ್ತಿದ್ದಳು.

"ನಮ್ಮೋರು ಮದುವೆಗೆ ಕರೆಯೋದು ಬಿಟ್ರು," ಎಂದಳು ಒಮ್ಮೆ. "ಅಲ್ಲೂ ನಂಗೆ ಎಲೆ ಹಾಕಲ್ಲ, ಇಲ್ಲೂ ಹಾಕಲ್ಲ. ನಾನು ಎಲ್ಲಿ ಉಣ್ಲಿ ಅಕ್ಕಾ?"

ದೃಢೀಕರಣಕ್ಕೆ ವಿಶ್ವಾಸ ಪ್ರಮಾಣ, ಹತ್ತು ಆಜ್ಞೆ, ಕರ್ತನ ಪ್ರಾರ್ಥನೆ, ಮೂರನ್ನೂ ತಮಿಳಿನಲ್ಲಿ ಬಾಯಿಪಾಠ ಒಪ್ಪಿಸಬೇಕು. ಉಳಿದವರು ಪುಸ್ತಕ ನೋಡಿ ಕಲಿತರು. ಇವಳು ಶೆಡ್ಡಿನಲ್ಲಿ ಕಸಕ್ಕೆ ಬಿದ್ದ ನೂಲಿನ ತುಂಡುಗಳನ್ನು ಹೊಸೆದು ಒಂದು ದಾರ ಮಾಡಿದಳು. ಕೆಂಪು ವಿಶ್ವಾಸ ಪ್ರಮಾಣಕ್ಕೆ, ಹಳದಿ ಆಜ್ಞೆಗಳಿಗೆ, ನೀಲಿ ಪ್ರಾರ್ಥನೆಗೆ. ಒಂದೊಂದು ಮಾತಿಗೆ ಒಂದೊಂದು ಗಂಟು. ಉದ್ದದ ಆಜ್ಞೆಗೆ ದಪ್ಪ ಗಂಟು, ಚಿಕ್ಕದಕ್ಕೆ ಸಾಸಿವೆಯಷ್ಟು. ಹರಿದ ಎಳೆಯನ್ನು ನಲವತ್ತು ವರ್ಷ ಗಂಟು ಹಾಕಿದ ಕೈ ಅದು. ದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡು, ಕೋನು ತಿರುಗುವಾಗ ಹೆಬ್ಬೆರಳಲ್ಲಿ ಸವರುತ್ತ ಹೇಳಿಕೊಳ್ಳುತ್ತಿದ್ದಳು. ಎಂಟು ತಿಂಗಳು ಹೀಗೆ.

ಸಂಜೆ ನಾನು ಅಕ್ಷರ ಕೂಡಿಸಿ ಕೂಡಿಸಿ ಪುಸ್ತಕ ಓದುತ್ತ ಅವಳನ್ನು ಪರೀಕ್ಷಿಸುತ್ತಿದ್ದೆ. "ಬೇಗ ಓದಕ್ಕಾ, ನೀ ಮುಗಿಸೋಷ್ಟರಲ್ಲಿ ಬೆಳಗಿನ ಶಿಫ್ಟಿಗೆ ಸೈರನ್ ಆಗುತ್ತೆ" ಎಂದು ನಗುತ್ತಿದ್ದಳು. ಅವಳು ಒಂದೂ ತಪ್ಪುತ್ತಿರಲಿಲ್ಲ.

ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರಕ್ಕೆ ಬಿಷಪ್ ಬರುವುದೆಂದಾಯಿತು. ಅದರ ಹಿಂದಿನ ವಾರ ದಿವಾಕರ್ ಸಾರ್ ಮತ್ತು ಹೊಸ ಪಾದ್ರಿ ನವನೀತನ್ ಅಯ್ಯ ಕೂತು ಒಬ್ಬೊಬ್ಬರನ್ನೇ ಕೇಳಿದರು. ನಾನು ಚಹಾ ಕೊಡುತ್ತಿದ್ದೆ. ರಾಮಾತಾಳ್ ಸೆರಗಿನೊಳಗೆ ಕೈ ಇಟ್ಟುಕೊಂಡು ವಿಶ್ವಾಸ ಪ್ರಮಾಣವನ್ನು ನೀರು ಹರಿದ ಹಾಗೆ ಹೇಳಿದಳು. ಮೂರನೆಯ ಆಜ್ಞೆಗೆ ಬಂದಾಗ ಸೆರಗು ಜಾರಿತು.

"ಕೈಯಲ್ಲಿ ಏನಮ್ಮಾ ಅದು? ಹರಕೆ ದಾರವಾ?" ಎಂದರು ದಿವಾಕರ್ ಸಾರ್.

"ಪಾಠ ಸಾರ್ ಇದು."

"ಪಾಠ ಪುಸ್ತಕದಲ್ಲಿ ಇರುತ್ತೆ. ಅರಿಸಿನ ಕುಂಕುಮದ ಬಣ್ಣದಲ್ಲಿ ಇರುತ್ತಾ? ಹಳೆಯ ಸಾಮಿ ಇನ್ನೂ ಬಿಟ್ಟಿಲ್ಲ ನಿನ್ನನ್ನ." ನನ್ನ ಕಡೆ ತಿರುಗಿದರು. "ನೀನು ಇವಳ ಜೊತೆಗಾತಿ ಅಲ್ಲವಾ? ಏನಿದು?"

ಆ ದಾರದ ಒಂದೊಂದು ಗಂಟೂ ನನಗೆ ಗೊತ್ತಿತ್ತು. "ನಾನು ನೋಡಿಲ್ಲ ಸಾರ್" ಎಂದೆ. ನಾನು ಹಿಂದುಗಡೆಯ ಕೋಣೆಯಲ್ಲಿ ಇರಬೇಕಾದರೆ ವರ್ಷಕ್ಕೊಮ್ಮೆ ಅವರ ಸಹಿ ಬೇಕಿತ್ತು.

"ಕತ್ತರಿ ತಾ" ಎಂದರು. ಹೆಂಗಸರ ಹೊಲಿಗೆ ಪೆಟ್ಟಿಗೆಯಿಂದ ತಂದುಕೊಟ್ಟೆ. ಸಾರ್ ಕತ್ತರಿಸಿದರು, ದಾರ ತುಂಡುತುಂಡಾಗಿ ನೆಲಕ್ಕೆ ಬಿತ್ತು.

"ಈಗ ಹೇಳು."

ಒಂದು, ಎರಡು, ಮೂರು ಹೇಳಿದಳು. ಆಮೇಲೆ ಆರಕ್ಕೆ ಹಾರಿದಳು. ಮತ್ತೆ ಎರಡಕ್ಕೆ ಬಂದಳು. ಹೆಬ್ಬೆರಳು ಬರಿಗೈಯಲ್ಲಿ ಏನನ್ನೋ ತಡಕುತ್ತಿತ್ತು. ಪಾದ್ರಿ ಅಯ್ಯ ಫೋನಿನಿಂದ ತಲೆ ಎತ್ತಿ, "ಮುಂದಿನ ಸಲ ನೋಡೋಣಮ್ಮಾ" ಎಂದರು. ಸಾರ್ ಅವಳ ಹೆಸರಿನ ಮೇಲೆ ಗೆರೆ ಎಳೆದರು.

ಗರಿಗಳ ಭಾನುವಾರ ಹನ್ನೊಂದು ಜನ ಮೊಣಕಾಲೂರಿದರು. ದೊಡ್ಡವರ ವೇದಪಾಠದ ಫಲದ ಬಗ್ಗೆ ದಿವಾಕರ್ ಸಾರ್ ಭಾಷಣ ಮಾಡಿದರು. ಊಟದ ನಂತರ ಲೋಟ ತೊಳೆಯಲು ರಾಮಾತಾಳ್ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಒಂದು ಬುಟ್ಟಿ ಲೋಟ ತೊಳೆದು ಬೋರಲು ಹಾಕಿದಳು.

"ಆ ಕತ್ತರಿಗೆ ಸಾಣೆ ಹಿಡಿಸಕ್ಕಾ," ಎಂದಳು ಕೊನೆಗೆ. "ಒಂದೇ ಸಲಕ್ಕೆ ಕತ್ತರಿಸಲಿಲ್ಲ."

ಬಿಷಪ್ ಮತ್ತೆ ಬರುವುದು ಎರಡು ವರ್ಷಕ್ಕೆ. ಹತ್ತಿಯ ಧೂಳು ಕುಡಿದ ಎದೆ ಅಷ್ಟು ದಿನ ಕಾಯಲಿಲ್ಲ. ಅವಳು ಹಾಸಿಗೆ ಹಿಡಿದಾಗ ನಾನು ಪಾದ್ರಿ ಅಯ್ಯನ ಬಳಿ ಹೋಗಿ, ಮನೆಗೇ ಬಂದು ಅವಳಿಗೆ ಭೋಜನ ಕೊಡಿ ಎಂದು ಬೇಡಿಕೊಂಡೆ. "ಸೆಕ್ರೆಟರಿಯನ್ನು ಕೇಳಿ" ಎಂದರು. ಕೇಳಿದೆ. ದಾರದ ವಿಷಯವೆಲ್ಲ ಆ ದಿನ ಬಾಯಿಬಿಟ್ಟು ಹೇಳಿದೆ. ದಿವಾಕರ್ ಸಾರ್ ಕನ್ನಡಕ ತೆಗೆದು ಒರೆಸಿದರು.

"ಅವತ್ತೇ ಹೇಳಬೇಕಿತ್ತು" ಎಂದರು.

ಭೋಜನಕ್ಕೆ ಒಪ್ಪಿಗೆ ಸಿಗಲಿಲ್ಲ. ಕೋಣೆಗೆ ಆ ವರ್ಷವೂ ಸಹಿ ಸಿಕ್ಕಿತು.

ಅವಳು ತೀರಿಕೊಂಡದ್ದು ಒಂದು ಮಂಗಳವಾರ. ಅದರ ಹಿಂದಿನ ಭಾನುವಾರ, ತಿಂಗಳ ಮೊದಲನೆಯದು, ಆರಾಧನೆ ಮುಗಿದ ಕೂಡಲೇ ಅವಳ ಮನೆಗೆ ಹೋದೆ. ತಲೆಯ ಹತ್ತಿರ ಕೂತೆ. ಅವಳು ಕಣ್ಣು ಬಿಟ್ಟು ನನ್ನ ಬಾಯನ್ನೇ ನೋಡಿದಳು.

"ಈಗ ತಾನೆ ಕರ್ತನ ಭೋಜನ ಮುಗಿಸಿ ಬಂದ್ಯಾ?"

"ಹೂಂ."

ಉಸಿರು ಕೂಡಿಸಿಕೊಳ್ಳಲು ಅವಳಿಗೆ ಹೊತ್ತು ಹಿಡಿಯಿತು.

"ಆ ರೊಟ್ಟಿಗೆ ಉಪ್ಪು ಹಾಕಿರ್ತಾರಾ ಅಕ್ಕಾ?"