ಕೆರೆ ಏರಿಯ ಮೇಲೆ ಮಡಚಿದ ಚಕ್ರ

೨೦೦೧ನೇ ಇಸವಿ. ನಾನಾಗ ಏಳು ತಿಂಗಳ ಬಸುರಿ. ಚನ್ನರಾಯಪಟ್ಟಣದ ಅತ್ತೆ ಮನೆಯಲ್ಲಿ ಸೀಮಂತ ಮುಗಿದಿತ್ತು. ಚೊಚ್ಚಲ ಹೆರಿಗೆಗೆ ಅರಕಲಗೂಡಿನ ತವರಿಗೆ ಕರೆದೊಯ್ಯಲು ಅವ್ವ ಮತ್ತು ಅಣ್ಣ ಕಾರಿನಲ್ಲಿ ಬಂದಿದ್ದರು.

ಕಾರು ಅಣ್ಣನದು. ಕೊಂಡು ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಮುಂದಿನ ಎಡಚಕ್ರದ ಬಾಲ್ ಜಾಯಿಂಟ್ ಒಮ್ಮೆ ಸವೆದುಹೋಗಿ ಬದಲಾಯಿಸಿದ್ದಾಗಿತ್ತು. ಅದು ಚಕ್ರವನ್ನು ಕಾರಿಗೆ ಹಿಡಿದಿಡುವ ಕೀಲು ಎಂದು ನನಗೆ ಗೊತ್ತಾದದ್ದು ಆಮೇಲೆ. ಹೊಸದು ಹಾಕಿದ ಮೇಲೂ ಕಟಕಟ ಸದ್ದು ಮತ್ತೆ ಶುರುವಾಗಿತ್ತು. ಶೋರೂಮಿಗೆ ಅಲೆದು ಅಣ್ಣನ ಚಪ್ಪಲಿ ಸವೆದಿತ್ತು. ಹೋದಾಗಲೆಲ್ಲ "ನಿಮ್ ಕಡೆ ರೋಡೇ ಸರಿಯಿಲ್ಲ ಸಾ, ನಾವೇನ್ ಮಾಡಕಾಯ್ತದೆ" ಎಂಬ ಅದೇ ಮಾತು. ಮೊನ್ನೆ ತಾನೆ ನೋಡಿ, ಏನೂ ತೊಂದರೆಯಿಲ್ಲ ಎಂದು ಕಳಿಸಿದ್ದರಂತೆ.

ಅತ್ತೆ ನನ್ನ ಸೆರಗಿಗೆ ಅಕ್ಕಿ, ಕಾಯಿ, ಬೆಲ್ಲ, ಅರಿಶಿನದ ಕೊಂಬು ಹಾಕಿ ಮಡಿಲು ತುಂಬಿದರು. ಅಕ್ಕಿಯನ್ನು ಸೆರಗಿನಲ್ಲೇ ಗಂಟು ಕಟ್ಟಿಕೊಂಡು ಕಾರು ಹತ್ತಿದೆ. ನಾನು ಹಿಂದೆ ಎಡಗಡೆ, ಪಕ್ಕದಲ್ಲಿ ಅವ್ವ.

ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಸದ್ದು ಜೋರಾಯಿತು. ಅಣ್ಣ ಕಾರು ನಿಲ್ಲಿಸಿದ. "ಯಾಕೋ ಜಾಸ್ತಿ ಆಗೈತೆ ಕಣವ್ವ. ವಾಪಸ್ ಪಟ್ಣಕ್ಕೋಗಿ ತೋರಿಸ್ಕೊಂಡ್ ಬರಾಣ" ಅಂದ.

ಅವ್ವ ಕೇಳಬೇಕಲ್ಲ. ಮಡಿಲು ತುಂಬಿಸಿಕೊಂಡು ಹೊರಟ ಬಸುರಿ ದಾರಿಯಲ್ಲಿ ಹಿಂದಕ್ಕೆ ತಿರುಗಬಾರದು ಎನ್ನುವುದು ನಮ್ಮ ಮನೆಯಲ್ಲಿ ಅಲುಗಾಡದ ಕಟ್ಟಳೆ. "ಮಡ್ಲಕ್ಕಿ ಕಟ್ಕೊಂಡು ಒಂಟ ಎಣ್ಣ ವಾಪಸ್ ಕರ್ಕೊಂಡೋಗ್ತಾರೇನ್ಲಾ? ನಿಧಾನಕ್ಕೆ ಓಡ್ಸು. ಒಳೆನರಸೀಪುರದಲ್ಲಿ ತೋರ್ಸಿದ್ರಾಯ್ತು" ಅಂದಳು. ಅಣ್ಣ ಕಾರನ್ನು ಮುಂದಕ್ಕೇ ಬಿಟ್ಟ. ನನಗೆ ಒಳಗೊಳಗೇ ಅಳುಕಿತ್ತು, ಆದರೆ ಅಂಥ ಹೊತ್ತಿನಲ್ಲಿ ನನ್ನ ಮಾತು ಯಾರು ಕೇಳುತ್ತಾರೆ.

ಹೊಳೆನರಸೀಪುರ ಇನ್ನೂ ದೂರವಿತ್ತು. ಒಂದು ಕೆರೆ ಏರಿ ಸಿಕ್ಕಿತು. ಆ ವರ್ಷ ಕೆರೆ ತುಂಬಿತ್ತು. ಏರಿಯ ನಡುಮಧ್ಯೆ ಒಂದು ಸಣ್ಣ ಗುಂಡಿಗೆ ಚಕ್ರ ಇಳಿದದ್ದಷ್ಟೇ, ಕೆಳಗಿನಿಂದ ಪಟಾರನೆ ಸದ್ದು ಬಂತು. ಕಾರಿನ ಮೂತಿ ನೆಲಕ್ಕೆ ಕುಸಿದು, ಕಬ್ಬಿಣ ರಸ್ತೆಯನ್ನು ಕೆರೆಯುತ್ತಾ ಎಡಕ್ಕೆ ಎಳೆದುಕೊಂಡು ಹೋಯಿತು. ಅಣ್ಣ ಸ್ಟೇರಿಂಗ್ ತಿರುಗಿಸುತ್ತಲೇ ಇದ್ದ, ಕಾರು ತಿರುಗಲಿಲ್ಲ. ಏರಿಯ ಅಂಚಿನ ಕಲ್ಲೊಂದಕ್ಕೆ ಗುದ್ದಿ, ಅದನ್ನು ಅರ್ಧ ಉರುಳಿಸಿ, ವಾಲಿಕೊಂಡು ನಿಂತಿತು.

ನನ್ನ ಕಿಟಕಿಯಲ್ಲಿ ರಸ್ತೆಯೇ ಕಾಣಲಿಲ್ಲ. ಬರೀ ನೀರು.

"ಯಾರೂ ಅಲ್ಲಾಡ್ಬ್ಯಾಡಿ" ಅಂದ ಅಣ್ಣ. ಅವನ ದನಿಯೇ ಬೇರೆಯಾಗಿತ್ತು. ಬ್ರೇಕಿನ ಮೇಲಿಂದ ಕಾಲು ತೆಗೆಯುವ ಹಾಗಿರಲಿಲ್ಲ. ನಾವು ಉಸಿರಾಡಿದರೂ ಕಾರು ಕಿರ್ ಎನ್ನುತ್ತಿತ್ತು. ಅವ್ವ ತನ್ನ ಕಡೆಯ ಬಾಗಿಲು ತೆಗೆದಳು, ಆದರೆ ಇಳಿಯಲಿಲ್ಲ.

"ನಾನಿಳಿದ್ರೆ ಈ ಕಡೆ ಭಾರ ಕಮ್ಮಿ ಆಯ್ತದೆ. ನನ್ ತೊಡೆ ಮ್ಯಾಲೆ ದಾಟ್ಕೊಂಡ್ ಓಗು ಮಗ" ಅಂದಳು.

ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು, ಮುಂದಿನ ಸೀಟು ಹಿಡಿದು, ಅವ್ವನ ತೊಡೆಯ ಮೇಲೆ ತೆವಳಿದೆ. ಸೆರಗಿನ ಗಂಟು ಬಿಚ್ಚಿ ಮಡಿಲಕ್ಕಿಯೆಲ್ಲ ಅವಳ ಮೇಲೆ ಸುರಿಯಿತು. ನನ್ನ ಸೊಂಟ ಹಿಡಿದು ಹೊರಗೆ ದೂಡುತ್ತಿದ್ದ ಅವಳ ಕೈ ತಣ್ಣಗಿತ್ತು. ಕಾಲಿಗೆ ನೆಲ ಸಿಕ್ಕಿತು. ತಿರುಗಿ ನೋಡಿದರೆ ಅವ್ವ ಒಳಗೇ ಕೂತಿದ್ದಾಳೆ, ನನ್ನನ್ನೇ ನೋಡುತ್ತಿದ್ದಾಳೆ. ಹಸಿದ ಮಗುವಿನ ಹಾಗೆ ಕೂಗಿಕೊಂಡೆ.

ಹಿಂದಿನಿಂದ ಬಂದ ಹಾಲಿನ ವ್ಯಾನಿನವರು, ಗದ್ದೆಯಲ್ಲಿದ್ದವರು ಓಡಿಬಂದು ಕಾರಿನ ಬಲಭಾಗವನ್ನು ಅದುಮಿ ಹಿಡಿದರು. ಆಮೇಲೆ ಅವ್ವ ಇಳಿದಳು, ಕೊನೆಗೆ ಅಣ್ಣ. ಎಡಚಕ್ರ ಮುರಿದ ಕಾಲಿನಂತೆ ಅಡ್ಡಕ್ಕೆ ಮಲಗಿತ್ತು.

ಭಯ ಅಲ್ಲಿಗೂ ಮುಗಿಯಲಿಲ್ಲ. ಹೊಟ್ಟೆಯೊಳಗೆ ಮಗು ಮಿಸುಕುತ್ತಿರಲಿಲ್ಲ. ಹಾಲಿನ ವ್ಯಾನಿನಲ್ಲೇ ನಮ್ಮನ್ನು ಹೊಳೆನರಸೀಪುರದ ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಅವ್ವ ನನ್ನ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಎದೆಬಡಿತ ಚೆನ್ನಾಗಿದೆ" ಎಂದಾಗ ಅವ್ವ ಅಲ್ಲೇ ನೆಲದ ಮೇಲೆ ಕುಸಿದು ಕೂತಳು.

ಮುರಿದ ಜಾಯಿಂಟನ್ನು ಅಣ್ಣ ಶೋರೂಮಿನ ಮೇಜಿನ ಮೇಲಿಟ್ಟ. ಅಲ್ಲಿ ಮತ್ತದೇ ರೋಡಿನ ರಾಗ. "ನಮ್ ರೋಡಲ್ಲಿ ಓಡಲ್ಲ ಅಂತ ಮಾರೋವಾಗ್ಲೇ ಯೋಳ್ಬೇಕಿತ್ತು ಸಾ" ಎಂದು ಎದ್ದು ಬಂದ. ಆ ಕಾರನ್ನು ಮಾರಿದ.

ನನಗೆ ಮಗಳು ಹುಟ್ಟಿದಳು, ಆರೋಗ್ಯವಾಗಿದ್ದಾಳೆ.

ಕೆಲವು ವರ್ಷದ ಮೇಲೆ ನನ್ನ ತಂಗಿಯ ಸೀಮಂತ ಕೊಣನೂರಿನ ಅವಳ ಅತ್ತೆ ಮನೆಯಲ್ಲಿ ಆಯಿತು. ಮಡಿಲು ತುಂಬಿಸಿಕೊಂಡು ಬಾಡಿಗೆ ಕಾರಿನಲ್ಲಿ ಹೊರಟೆವು. ಬೀದಿಯ ತಿರುವಿನಲ್ಲಿ ಎಲ್ಲೋ ಕಟ್ ಎಂದಿತು. ಅವ್ವ ಡ್ರೈವರನ ಹೆಗಲು ಹಿಡಿದುಕೊಂಡು, "ತಿರುಗ್ಸಪ್ಪ ಮನೆ ಕಡೀಕೆ" ಅಂದಳು.

ಬಾಗಿಲಲ್ಲಿ ನಿಂತಿದ್ದ ತಂಗಿಯ ಅತ್ತೆ ಗಾಬರಿಯಾದರು. ನೋಡಿದರೆ ಡಿಕ್ಕಿಯಲ್ಲಿಟ್ಟ ಪಾತ್ರೆಯ ಮುಚ್ಚಳದ ಸದ್ದು. "ತುಂಬಿದ ಮಡ್ಲು ವಾಪಸ್ ಬಂತಲ್ಲ ಬೀಗ್ತಿ" ಎಂದು ಅವರು ಪೇಚಾಡಿದರು.

"ಅಕ್ಕಿ ಐತಲ್ಲವ್ವ, ಇನ್ನೊಂದ್ ಕಿತ ತುಂಬ್ಸಿ" ಅಂದಳು ಅವ್ವ.

ನಾವ್ಯಾರೂ ನಗಲಿಲ್ಲ. ನಾನು ಅವ್ವನ ಕೈ ಹಿಡಿದುಕೊಂಡೆ. ಅದು ಅವತ್ತಿನಷ್ಟೇ ತಣ್ಣಗಿತ್ತು.