ಅಕ್ಕನ ಬದಲು ಕೂತವರು

ಕ್ಯಾಲನೂರಿನ ಡೈರಿಗೆ ಹಾಲು ಹಾಕಲು ಬರುವ ಹೆಂಗಸರ ಮುಖಗಳನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೆ. ಅರವತ್ತು ದಾಟಿದ ಮುನಿವೆಂಕಟಮ್ಮ ಕ್ಯಾನು ಕೆಳಗಿಟ್ಟು ನನ್ನ ಮುಂದೆ ಕೂತರು.

"ನಂದು ಬೇಡಮ್ಮ, ನಮ್ಮಕ್ಕನ್ನ ಬರೀರಿ. ಮದುವೆಗೆ ಮುಂಚೇನೇ ತೀರ್ಕೊಂಡ್ಲು, ಒಂದು ಫೋಟೊನೂ ಇಲ್ಲ. ಹಿರಿಯರ ಹಬ್ಬಕ್ಕೆ ಎಲ್ಲರ ಫೋಟೊ ಮುಂದೆ ಎಡೆ ಇಡ್ತೀವಿ, ಅವಳಿಗೆ ಮಾತ್ರ ಬರೀ ಗೋಡೆ."

"ನಾನು ನೋಡದವರನ್ನ ಹೇಗಮ್ಮ ಬರೀಲಿ?"

"ನನ್ನಂಗೇ ಇದ್ಲು. ಸುಕ್ಕು ಬಿಟ್ಬಿಡಿ, ಕೆನ್ನೆ ತುಂಬಿಸಿ."

ತುಂಬಿಸಿದೆ. ಹುಬ್ಬು ತಿದ್ದಿದೆ, ಕಣ್ಣುಗಳನ್ನು ಅಳಿಸಿ ಮತ್ತೆ ಬರೆದೆ. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಅವಳು ಬರ್ಲಿಲ್ಲಮ್ಮ. ಇದು ನಾನೇ, ಹುಡುಗಿಯಾಗಿದ್ದಾಗ."

ಆ ಅಕ್ಕನನ್ನು ಹಾಳೆಯ ಮೇಲೆ ತರಲಾಗಲಿಲ್ಲವಲ್ಲ ಎಂಬ ಸಂಕಟ ಈಗಲೂ ಹೋಗಿಲ್ಲ. "ಹರಿದುಹಾಕಲಾ?" ಎಂದೆ.

"ಅಯ್ಯೋ, ಬೇಡ! ಇದನ್ನೇ ಎಡೆ ಹತ್ರ ಇಡ್ತೀನಿ. ಈಗಿನ ನನ್ನ ಮುಖ ಅವಳಿಗೆಲ್ಲಿ ಗೊತ್ತಾಗುತ್ತೆ? ಇದನ್ನ ನೋಡಿದ್ರೆ ನಮ್ಮನೆ ಅಂತ ಗುರುತು ಹಿಡ್ದು ಬರ್ತಾಳೆ."

ಪ್ರತಿ ಚಿತ್ರದ ಹಿಂದೆಯೂ ಹೆಸರು, ಊರು ಬರೆದುಕೊಡುವುದು ನನ್ನ ಪದ್ಧತಿ. ಇದಕ್ಕೆ ಯಾರ ಹೆಸರು ಹಾಕುವುದೋ ತಿಳಿಯದೆ ಊರೊಂದನ್ನೇ ಬರೆದುಕೊಟ್ಟೆ.