ಹೊತ್ತು ಮುಳುಗುವ ಮೊದಲು ಬರಬೇಕಾದ ವಿಮಾನ

ಮುಂಬೈಯಿಂದ ಮಂಗಳೂರಿಗೆ ವಿಮಾನದಲ್ಲಿ ಸುಮಾರು ಏಳುನೂರು ಕಿಲೋಮೀಟರ್, ಒಂದೂವರೆ ಗಂಟೆ. ಚಿಕ್ಕಮ್ಮ ಬರುತ್ತಾಳೆಂದು ಗೊತ್ತಾದ ದಿನ ನಾನೇ ಮೊಬೈಲ್ ನೋಡಿ ಅಮ್ಮನಿಗೆ ಹೇಳಿದ್ದೆ.

“ಬೆಳ್ತಂಗಡಿಗೆ ಬಸ್ಸಲ್ಲಿ ಹೋದಷ್ಟೇ ಹೊತ್ತಾ?” ಎಂದಳು ಅಮ್ಮ. “ಮತ್ತೆ ಏಳು ವರ್ಷ ಯಾಕೆ ಬರ್ಲಿಲ್ಲ ಅವಳು?”

ಗಣಿತದ ಮೇಷ್ಟ್ರಾದ ನಾನು ಆ ಲೆಕ್ಕ ಬಿಟ್ಟು ವಿಮಾನದ ಸಮಯ ನೋಡತೊಡಗಿದೆ.

ನಾವು ಮೂಡುಬಿದಿರೆಯ ಜೈನರು. ಹೊತ್ತು ಮುಳುಗಿದ ಮೇಲೆ ಅಮ್ಮ ಏನನ್ನೂ ಬಾಯಿಗೆ ಹಾಕುವವಳಲ್ಲ. ಚಿಕ್ಕಮ್ಮ ಇರುವುದೋ ಒಂದೇ ಸಂಜೆ. ಮರುದಿನ ನಸುಕಿಗೇ ಗಂಡನ ಕಡೆಯ ಮದುವೆಗೆಂದು ಬೆಳ್ತಂಗಡಿಗೆ ಹೊರಡಬೇಕು. ಅಕ್ಕತಂಗಿಯರು ಒಟ್ಟಿಗೆ ಉಣ್ಣುವುದಿದ್ದರೆ ಆ ಸಂಜೆ ಮಾತ್ರ. ನಾನು ಲೆಕ್ಕ ಹಾಕಿದೆ. ಮೂರಕ್ಕೆ ಹೊರಟರೆ ನಾಲ್ಕೂವರೆಗೆ ಬಜಪೆ ವಿಮಾನ ನಿಲ್ದಾಣ, ಸಾಮಾನು ಕೈಗೆ ಸಿಕ್ಕಿ ಮನೆ ಸೇರುವಾಗ ಐದೂಮುಕ್ಕಾಲು. ಡಿಸೆಂಬರಿನ ಸೂರ್ಯ ಮುಳುಗುವುದು ಆರು ದಾಟಿದ ಮೇಲೆ. ಧಾರಾಳವಾಯಿತು ಎಂದು ಕೊಚ್ಚಿಕೊಂಡದ್ದೂ ಆಯಿತು.

ವಿಮಾನ ಹೊರಟದ್ದೇ ತಡವಾಗಿ. ಸಾಲದ್ದಕ್ಕೆ ಚಿಕ್ಕಮ್ಮನನ್ನು ಕರೆದುಕೊಂಡು ಬರುವಾಗ ಎಡಪದವಿನ ಹತ್ತಿರ ರಸ್ತೆ ಅಗಲ ಮಾಡುವ ಕೆಲಸ. ನಮ್ಮ ಕಾರು ಟಿಪ್ಪರ್ ಒಂದರ ಹಿಂದೆ ತೆವಳತೊಡಗಿತು. ಅಮ್ಮನಿಗೆ ಫೋನು ಮಾಡಿ, ನೀನು ಉಂಡುಬಿಡು ಎಂದೆ. ಎಲ್ಲಿದ್ದೀರಿ ಎಂದಷ್ಟೇ ಕೇಳಿ ಇಟ್ಟುಬಿಟ್ಟಳು.

ಚಿಕ್ಕಮ್ಮ ಕಿಟಕಿಯಿಂದ ಸೂರ್ಯನನ್ನೇ ನೋಡುತ್ತಿದ್ದಳು. “ಅಕ್ಕ ಉಣ್ಣದೆ ಕೂತಿರ್ತಾಳೆ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ನಾನು ಅಲ್ಲಿ ರಾತ್ರಿಯೇ ಉಣ್ಣುವುದು ಮಗ. ಆಫೀಸು ಬಿಟ್ಟು ಮನೆ ಮುಟ್ಟುವಾಗಲೇ ಕತ್ತಲೆ. ಅಕ್ಕನಿಗೆ ಹೇಳ್ಬೇಡ, ಬೇಜಾರು ಮಾಡ್ತಾಳೆ” ಎಂದಳು.

ಮೂಡುಬಿದಿರೆಗೆ ಮೊದಲೇ ಸಿಗುವ ತೋಡಾರು ಮುಟ್ಟಿದರೆ ಬಸ್ ನಿಲ್ದಾಣದಲ್ಲಿ ಅಮ್ಮ! ಪಕ್ಕದಲ್ಲಿ ಅವಳನ್ನು ಕರೆತಂದ ರಿಕ್ಷಾ, ಕೈಯಲ್ಲಿ ಬುತ್ತಿಯ ಚೀಲ. ಏಳು ವರ್ಷದ ಮೇಲೆ ಕಂಡ ತಂಗಿಯನ್ನು ಹೇಗಿದ್ದೀ ಎಂದೂ ಕೇಳಲಿಲ್ಲ.

“ಮಾತು ಮತ್ತೆ ಆಡುವ. ಮೊದಲು ಕೈ ತೊಳಿ.”

ಸಿಮೆಂಟಿನ ಕಟ್ಟೆಯ ಮೇಲೆ ಒಂದೇ ಬಾಳೆಲೆ ಹಾಸಿ ಅನ್ನ, ಹೆಸರುಬೇಳೆ ಸಾರು, ಹೀರೆಕಾಯಿ ಪಲ್ಯ ಬಡಿಸಿದಳು. ಎಂಜಲು ಗಿಂಜಲು ಎಂದು ನೋಡಲು ಪುರುಸೊತ್ತಿರಲಿಲ್ಲ. ಇಬ್ಬರೂ ಆಚೆ ಈಚೆ ಕೂತು ಆ ಒಂದೇ ಎಲೆಯಲ್ಲಿ ಗಬಗಬನೆ ಉಂಡರು. ಬಸ್ಸಿಗೆ ಕಾಯುತ್ತಿದ್ದವರು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ಅಳು ಬಂತು.

ಎಲೆ ಖಾಲಿಯಾಗುವುದಕ್ಕೂ ಹೊತ್ತು ಮುಳುಗುವುದಕ್ಕೂ ಸರಿಹೋಯಿತು. ಅಮ್ಮ ಬಾಯಿ ಮುಕ್ಕಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಮನೆಯಲ್ಲಿ ನಿಂಗೆ ಬೇರೆ ಮುಚ್ಚಿಟ್ಟಿದ್ದೇನೆ. ನೀನು ರಾತ್ರಿ ಉಣ್ಣುವವಳಲ್ವಾ, ಹಸಿವಾಗ್ತದೆ.”

ಚಿಕ್ಕಮ್ಮ ನನ್ನನ್ನು ದುರುಗುಟ್ಟಿ ನೋಡಿದಳು. ನಾನು ಹೇಳಿಲ್ಲವೆಂದು ತಲೆಯಾಡಿಸಿದೆ.

“ಅವನು ಹೇಳ್ಲಿಲ್ಲ. ನಂಗೆ ಮೊದಲೇ ಗೊತ್ತುಂಟು” ಎಂದಳು ಅಮ್ಮ.

“ಗೊತ್ತಿದ್ದೂ ಇಲ್ಲಿವರೆಗೆ ಯಾಕೆ ಓಡಿ ಬಂದದ್ದು ಅಕ್ಕ?”

ಅಮ್ಮ ಎಲೆಯನ್ನು ಮಡಚುತ್ತಾ ತಲೆ ಎತ್ತದೆ ಹೇಳಿದಳು: “ನಂಗೆ ನಿನ್ನೊಟ್ಟಿಗೆ ಉಣ್ಬೇಕಿತ್ತು ಮಾರಾಯ್ತಿ.”